ಹದಿನೇಳನೆಯ ಚೀಟಿ

ಚಿಯಾತುರಾದ ಗುಡ್ಡದ ಮೇಲಿನ ಶಾಲೆ ಮುಚ್ಚಿದ ವಾರ
ಬೀರುವಿನ ಕೀಲಿ ನನ್ನ ಕೈಗೆ ಬಂತು.
"ಕಲ್ಲು ತಾನೆ, ಒಯ್ಯಿ," ಎಂದಳು ಕಾವಲಿನ ಜುಜುನಾ,
"ನಿನ್ನಪ್ಪನ ಅಕ್ಷರ ಇದೆ ಅದರಲ್ಲಿ."

ಹತ್ತಿ ಹಾಸಿದ ಪೆಟ್ಟಿಗೆ.
ಇಪ್ಪತ್ತೆರಡು ಗುಳಿ, ಇಪ್ಪತ್ತೆರಡು ಕಲ್ಲು,
ಚೀಟಿ ಮಾತ್ರ ಹದಿನೇಳು.

ತ್ಸಿಯಾಲಾ ಟೀಚರು ಹೇಳುತ್ತಿದ್ದರು:
ಬಣ್ಣವನ್ನು ಕೇಳಬೇಡಿ,
ಬಣ್ಣ ಬಾಯಿಗೆ ಬಂದದ್ದು ಹೇಳುತ್ತದೆ.
ಬೆಣಚುಕಲ್ಲು ನೋಡಿ, ಮೈಯೊಳಗೆ ಒಂದಿಷ್ಟು ಕಬ್ಬಿಣ,
ಮೇಲೊಂದಿಷ್ಟು ವಿಕಿರಣ,
ನೇರಳೆ ಉಟ್ಟು ಮದುವಣಗಿತ್ತಿಯಾಗುತ್ತದೆ.
ಒಡೆದ ಪಿಂಗಾಣಿ ಬಟ್ಟಲಿನ ತಳಕ್ಕೆ ಉಜ್ಜಿ.
ಒರೆ ಸುಳ್ಳಾಡುವುದಿಲ್ಲ.

ಉಜ್ಜಿದೆವು.
ಚಿನ್ನದ ಠೀವಿಯ ಪೈರೈಟು
ಹಸಿರುಗಪ್ಪು ಮಸಿ ಕಾರಿತು.
ಬೂದು ಮೋರೆಯ ಹೆಮಟೈಟು ಎಳೆದದ್ದು
ಕೆಂಪು ಗೆರೆ, ಮೊಣಕಾಲು ತರಚಿದ ಹಾಗೆ.
ಜಿಪ್ಸಂ ಉಗುರಿಗೇ ಸೋತಿತು.
ಬೆಣಚು ಮಾತ್ರ ಚಾಕುವನ್ನೇ ಜಾರಿಸಿ
ಕಿಟಕಿಯ ಗಾಜು ಗೀರಿ ನನಗೆ ಬೈಸಿತು.
ನಾಲ್ಕನೆಯ ಗುಳಿಯ ಕಲ್ಲುಪ್ಪು ಈಗ ಕಡಲೆಯಷ್ಟು:
ಪರೀಕ್ಷೆಯ ನೆವದಲ್ಲಿ ಮೂರು ತಲೆಮಾರು
ನೆಕ್ಕಿ ನೆಕ್ಕಿ ಸವೆಸಿದ್ದು.

ಕ್ಯಾಲ್ಸೈಟಿಗೆ ಸುತ್ತಿಗೆ ಕೊಟ್ಟವರು ಟೀಚರೇ.
ಹೊಡೆದೆ. ಓರೆಯಾಗಿ ನಿಂತ ಪುಟ್ಟ ಪೆಟ್ಟಿಗೆ.
ಮತ್ತೆ ಹೊಡೆದೆ. ಇನ್ನೂ ಪುಟ್ಟದು, ಅದೇ ಓರೆ.
ಪುಡಿಯನ್ನು ಭೂತಗನ್ನಡಿಯಡಿ ಹಿಡಿದರೆ
ಅಲ್ಲೂ ಅದೇ ಮೂಲೆ, ಅದೇ ಹಟ.
ಒಳಗೆ ಸಾಲುಗಟ್ಟಿ ನಿಂತವರು ಬಿಟ್ಟುಕೊಟ್ಟ ದಾರಿಯಲ್ಲೇ
ಸುತ್ತಿಗೆ ನಡೆಯಬೇಕು.

ಅಪ್ಪ ಓತಿಯಾ ಅದಿರು ಪುಡಿ ಮಾಡುವ ಯಂತ್ರದ ಪಾಳಿ ಮುಗಿಸಿ
ಹಗ್ಗಕ್ಕೆ ತೂಗುವ ತಗಡಿನ ಡಬ್ಬಿಯಲ್ಲಿ ಕಣಿವೆ ಇಳಿದು ಬರುತ್ತಿದ್ದ.
ಮಿಂದ ನೀರು ಕ್ವಿರಿಲಾ ಹೊಳೆಯಷ್ಟೇ ಕಪ್ಪು.
ಆಮೇಲೆ ಉಗುರು ಕೆರೆದು, ದೀಪ ಹತ್ತಿರ ಎಳೆದು
ಶಾಲೆಗೆ ಚೀಟಿ ಬರೆಯುತ್ತಿದ್ದ,
ಮುತ್ತು ಪೋಣಿಸಿದಂಥ ಅಕ್ಷರ.
ವರ್ಷಕ್ಕೆ ಒಂದೋ ಎರಡೋ ಕಲ್ಲು ಬರುತ್ತಿದ್ದ ಕಾಲ.

ನಮ್ಮೂರಿನದು ಪೈರೊಲುಸೈಟು.
ಮುಟ್ಟಿದವರ ಬೆರಳು ಕಪ್ಪು.
ಒಂದು ಮ್ಯಾಂಗನೀಸಿಗೆ ಎರಡು ಆಕ್ಸಿಜನ್ನು, ಇಷ್ಟೇ ಸಂಸಾರ.
ಹಸಿರುಗಟ್ಟಿದ ಗಾಜಿನ ಕುಲುಮೆಗೆ ಚಿಟಿಕೆ ಉದುರಿಸಿದರೆ
ಗಾಜು ನೀರಿನಂತೆ ತಿಳಿಯಾಗುತ್ತದೆ.
ಗ್ರೀಕರ ಮಾತಿನಿಂದ ಕಟ್ಟಿದ ಹೆಸರು:
ಬೆಂಕಿಯಲ್ಲಿ ಒಗೆಯುವ ಅಗಸ.
ಪಕ್ಕದ ಗುಳಿಯ ಗುಲಾಬಿ ಕಲ್ಲು ಇದರ ಒಡಹುಟ್ಟು;
ಅದೇ ಮ್ಯಾಂಗನೀಸು,
ಎರಡು ಇಲೆಕ್ಟ್ರಾನು ಇನ್ನೂ ಕಳಕೊಳ್ಳದ್ದು.
ಗಾಳಿಗೆ ಬಿಟ್ಟರೆ ಅದೂ ಕಂದುತ್ತದೆ, ನಿಧಾನ.

ಗಾಜಿನ ಕೊಳೆ ತೆಗೆದ ದೂಳು
ಅಪ್ಪನ ತಲೆಯೊಳಗೆ ಏನನ್ನು ತೊಳೆಯಿತೋ.
ಹಿಮ್ಮಡಿ ನೆಲಕ್ಕೆ ತಾಗದೆ ಹುಂಜದ ಹಾಗೆ ನಡೆದ.
ಲೋಟ ತುಟಿಗೆ ಮುಟ್ಟುವಷ್ಟರಲ್ಲಿ ಅರ್ಧ ನೆಲದ ಪಾಲು.
ಕುಡಿದಿದ್ದಾನೆ ಅಂದರು ಬೀದಿಯವರು.
ಅವರು ನೋಡಿದ್ದು ಬಣ್ಣ.

ಮೊದಲನೆಯ ಚೀಟಿಯಲ್ಲಿ ಅಕ್ಷರ ದ್ರಾಕ್ಷಿಯಷ್ಟು.
ಒಂಬತ್ತು, ಗೆಲೀನಾ: ಜೋಳದ ಕಾಳು.
ಹದಿನಾಲ್ಕಕ್ಕೆ ಸಾಸಿವೆ.
ಹದಿನೇಳನೆಯದು, ಬರೀ ಕಣ್ಣಿಗೆ,
ಇರುವೆ ನಡೆದುಹೋದ ಗೆರೆ.

ಭೂತಗನ್ನಡಿ ಹಿಡಿದೆ.
ಒಂದು ಬಳುಕೂ ತಪ್ಪಿಲ್ಲ, ಒಂದು ಕೊಂಡಿಯೂ ಕಳಚಿಲ್ಲ.

ಹದಿನೆಂಟರ ಗುಳಿಯಲ್ಲಿ ಕತ್ತರಿಸಿಟ್ಟ ಖಾಲಿ ಕಾಗದ,
ಮೂಲೆಗೊಂದು ಕಪ್ಪು ಹೆಬ್ಬೆಟ್ಟು.
ಉಜ್ಜಿ ನೋಡುವ ಪ್ರಮೇಯ ಬರಲಿಲ್ಲ.

ಪೆಟ್ಟಿಗೆ ಎತ್ತುವಾಗ ಜುಜುನಾ ಒಂದು ಕೈ ಹಿಡಿದಳು.
"ಏನೇ ಇದು, ಇಷ್ಟು ಭಾರ?"
"ಗೆಲೀನಾ ಇದೆ," ಅಂದೆ, "ಸೀಸದ್ದು."